ಮೊದಲ ಮನೆಯ ಅಕ್ಕೋರು

ಅಕ್ಕೋರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವರ ಮುಖ ನೋಡಬೇಕಾಗಿರಲಿಲ್ಲ, ಮಾತು ಕೇಳಿದರೆ ಸಾಕಿತ್ತು. ಖುಷಿಯಲ್ಲಿದ್ದಾಗ ಎಲ್ಲರೂ ಅವರಿಗೆ ‘ಏನವ್ವಾ’, ‘ಏನೋ ತಮ್ಮಾ’. ಸಿಟ್ಟು ಏರಿದಂತೆ ಮರ್ಯಾದೆಯೂ ಏರುತ್ತಿತ್ತು. ಒಮ್ಮೆ ನಮ್ಮ ಗಲ್ಲಿಯ ತಿರುವಿನಲ್ಲಿ ಯಾರೋ ಒಬ್ಬ ಬೈಕ್ ನಿಲ್ಲಿಸಿ ಗುಟ್ಕಾ ಉಗುಳಿದ. ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದ ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಗೇಟಿಗೆ ಬಂದರು. ಹೇಳಿದ್ದು ಮರಾಠಿಯಲ್ಲಿ, ಅವರ ಮರಾಠಿಗೂ ಹುಟ್ಟೂರು ಭಾಲ್ಕಿಯ ಕನ್ನಡದ ರಾಗವಿತ್ತಾದ್ದರಿಂದ ನಾನು ಹೀಗೆಯೇ ಬರೆಯುತ್ತೇನೆ: “ಸಾಹೇಬರಽ, ಸ್ವಲ್ಪ ನಿಂದರ್ರಿ. ನಿಮ್ಮ ಬಾಯಾಗಿಂದ ಏನೋ ಬಿದ್ದದ. ತಗೊಂಡು ಹೋಗ್ರಿ, ಮರತೀರಿ.” ಅವನು ನಕ್ಕ. ಅಕ್ಕೋರು ನಗಲಿಲ್ಲ. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಅವನ ಕೈಗೆ ಕೊಟ್ಟು ನಿಂತರು. ಅವನು ಬಗ್ಗಿ ತೊಳೆದು ಹೋದ. ಆಮೇಲೆ ಆ ಮನುಷ್ಯ ನಮ್ಮ ತಿರುವು ದಾಟುವಾಗ ಬಾಯಿ ಮುಚ್ಚಿಕೊಂಡೇ ದಾಟುತ್ತಿದ್ದ.

ಅವರ ಹೆಸರು ನಾನು ಹೇಳುವುದಿಲ್ಲ. ಕಾಲನಿಯ ಅರ್ಧ ಜನಕ್ಕೆ ಅದು ಗೊತ್ತೂ ಇರಲಿಲ್ಲ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ನಾನು ಕಲಬುರಗಿಯವಳು, ಅವರು ಬೀದರ್ ಜಿಲ್ಲೆಯವರು. ನಾನು ಹಾಗೆ ಕರೆದದ್ದನ್ನು ಕೇಳಿ ಮರಾಠಿಯವರೂ ಹಾಗೆಯೇ ಕರೆಯತೊಡಗಿದರು. ಅದೇ ಅವರ ಹೆಸರೆಂದು ತಿಳಿದ ಗ್ಯಾಸ್ ಸಿಲಿಂಡರಿನವನು ಗಲ್ಲಿಯ ಬಾಯಲ್ಲಿ ನಿಂತು “ಅಕ್ಕೋರ್ ಮ್ಯಾಡಮ್ ಕಾ ಘರ್ ಕಿಧರ್” ಎಂದು ಕೂಗುತ್ತಿದ್ದ. ಛತ್ರಪತಿ ಸಂಭಾಜಿನಗರದ ಒಂದು ಮರಾಠಿ ಶಾಲೆಯಲ್ಲಿ ಬದುಕಿಡೀ ನಾಗರಿಕಶಾಸ್ತ್ರ ಕಲಿಸಿ ನಿವೃತ್ತರಾದವರು ಅವರು. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕಾಲಲ್ಲಿ ಸದಾ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿ ಎರಡು ಮಳೆಗಾಲ ಬಾಳುವುದಿಲ್ಲ ಎಂಬುದು ಅವರ ದೂರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರೆಂದು ಫೋನ್ ಬಂತು. ನಾನೀಗ ನಾಸಿಕ್‌ನಲ್ಲಿದ್ದೇನೆ. ನಾಸಿಕ್ ರೋಡಿನಲ್ಲಿ ಸಿಕ್ಕ ಗಾಡಿ ಹತ್ತಿ, ಮನ್ಮಾಡಿನಲ್ಲಿ ಇನ್ನೊಂದು ಗಾಡಿ ಹಿಡಿದು ಹೋಗಿ ಮುಟ್ಟಿದಾಗ ಲಿಂಗಾಯತರ ರೂಢಿಯಂತೆ ಅಕ್ಕೋರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಾಲ್ಕಿಯಿಂದ ಬಂದ ದೂರದ ನೆಂಟರೊಬ್ಬರು ನನ್ನ ಕನ್ನಡ ಕೇಳಿ ಹತ್ತಿರ ಬಂದು, “ಇವರು ಇಲ್ಲಿ ಏನಾಗಿದ್ರವ್ವಾ? ಮೇಂಬರ್ ಏನರ ಆಗಿದ್ರೇನು? ಇಷ್ಟ ಮಂದಿ ಯಾಕ ಬಂದಾರ?” ಎಂದು ಕೇಳಿದರು. “ಏನೂ ಆಗಿರ್ಲಿಲ್ಲರಿ” ಅಂದೆ. ಹಾಗನ್ನುವಾಗ ನನ್ನ ಎದೆ ಉಬ್ಬಿತು. ಅಳುವ ಮನೆಯಲ್ಲಿ ಎದೆ ಉಬ್ಬುವುದು ಸರಿಯಲ್ಲ, ಆದರೂ ಉಬ್ಬಿತು.

ನಮ್ಮ ಗಲ್ಲಿಯ ಕಥೆ ಹೇಳದೆ ಅಕ್ಕೋರ ಕಥೆ ಹೇಳಲು ಬರುವುದಿಲ್ಲ. ದೌಲತಾಬಾದಿಗೆ ಹೋಗುವ ರಸ್ತೆಯಿಂದ ಒಳಗೆ, ಊರು ಮುಗಿದು ಜೋಳದ ಹೊಲ ಶುರುವಾಗುವಲ್ಲಿ ನಮ್ಮ ಕಾಲನಿ. ಅಲ್ಲಿ ಮನೆ ಕಟ್ಟಿದವರೆಲ್ಲ ಕಾರ್ಖಾನೆಯವರು, ಮಾಸ್ತರರು, ಸಣ್ಣ ಅಂಗಡಿಯವರು. ಮನೆ ಕಟ್ಟಿದ ಮೇಲೆ ಗೊತ್ತಾಯಿತು, ನಾವು ಯಾರಿಗೂ ಸೇರಿದವರಲ್ಲ ಎಂದು. ಹಳ್ಳಿಯ ಕಚೇರಿಗೆ ಹೋದರೆ ನೀವು ಶಹರದವರು ಅನ್ನುತ್ತಿದ್ದರು. ಶಹರದ ಕಚೇರಿಗೆ ಹೋದರೆ ನಿಮ್ಮದಿನ್ನೂ ಹಳ್ಳಿ ಅನ್ನುತ್ತಿದ್ದರು. ಬೀದಿದೀಪ ನಾವೇ ಹಾಕಿಕೊಂಡದ್ದು, ಗಟಾರ ನಾವೇ ತೋಡಿದ್ದು. ನಮ್ಮನ್ನು ಆಳುವವರು ಅಂತ ಒಂದು ಬೆಕ್ಕೂ ಅತ್ತ ಸುಳಿಯುತ್ತಿರಲಿಲ್ಲ. ಅರಸನ ಅಂಕೆ ಇಲ್ಲ, ದೆವ್ವದ ಕಾಟ ಇಲ್ಲ ಅನ್ನುತ್ತಾರಲ್ಲ, ಹಾಗೆ ಮನಸ್ಸಿಗೆ ಬಂದಂತೆ ಇರಬಹುದಿತ್ತು. ಆದರೆ ನಾವು ಹಾಗಿರಲಿಲ್ಲ. ಅದು ಹೇಗೆ ಎಂದು ಈಗ ಕುಳಿತು ಯೋಚಿಸಿದರೆ ನನಗೇ ಸೋಜಿಗ.

ಹೇಗೋ ಮಾಡಿ ಒಂದು ನೀರಿನ ಪೈಪು ಮಾತ್ರ ನಮ್ಮ ತನಕ ಬಂದಿತ್ತು. ಆ ಊರಲ್ಲಿ ನೀರು ದಿನಾ ಬರುವುದಲ್ಲ. ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ಡ್ರಮ್ಮು, ಹಂಡೆ, ಬಕೆಟ್ಟು, ಕುಕ್ಕರು ಎಲ್ಲ ತುಂಬಿಸಿಕೊಳ್ಳಬೇಕು. ಪೈಪು ಗಲ್ಲಿಯ ಬಾಯಿಂದ ಒಳಗೆ ಹೋಗುತ್ತ ಸಣ್ಣದಾಗಿ ಏರುತ್ತದೆ. ಮೊದಲ ಮನೆಯ ನಳ ಬಿಟ್ಟರೆ ಧೋ ಎಂದು ಸುರಿಯುತ್ತದೆ. ಕಡೆಯ ಮನೆಗೆ ಮುಟ್ಟುವಷ್ಟರಲ್ಲಿ ಬರೀ ಗಾಳಿ ಸೊಂಯ್ ಅನ್ನುತ್ತದೆ. ಮೊದಲ ಮನೆ ಅಕ್ಕೋರದು. ಕಡೆಯ ಮನೆ ನಮ್ಮದು.

ಮೊದಲ ಸಲ ನೀರು ಬಂದ ದಿನ ಅಕ್ಕೋರ ಮನೆಯಲ್ಲಿ ತುಂಬಿ ಅಂಗಳಕ್ಕೆ ಹರಿಯಿತು, ನಡುವಿನ ಮನೆಗಳಿಗೆ ಅಷ್ಟಿಷ್ಟು ಸಿಕ್ಕಿತು, ನಮ್ಮ ಮನೆಗೆ ಹನಿಯಿಲ್ಲ. ನಾನು ಎಳೇ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಖಾಲಿ ಬಕೆಟ್ಟಿನ ಮುಂದೆ ನಿಂತಿದ್ದನ್ನು ಅಕ್ಕೋರು ನೋಡಿದರು. ಮುಂದಿನ ಸಲ ‘ಪಾಣೀ ಆಲಂ’, ನೀರು ಬಂತು, ಎಂದು ಗಲ್ಲಿಯಲ್ಲಿ ಕೂಗು ಎದ್ದಾಗ ಅವರು ತಮ್ಮ ನಳ ಬಂದ್ ಮಾಡಿ, ಮೆಟ್ಟಿಲ ಮೇಲೆ ಬಳ್ಳೊಳ್ಳಿ ಬಿಡಿಸುತ್ತ ಕುಳಿತುಬಿಟ್ಟರು. ಪಕ್ಕದ ಮನೆಯಾಕೆ ಯಾಕೆಂದು ಕೇಳಿದರೆ, “ಕಡೀ ಮನ್ಯಾಗ ಕೂಸದ. ಅವರದು ತುಂಬ್ಲಿ” ಅಂದರಂತೆ. ಆಕೆಗೆ ತನ್ನ ನಳ ಬಿಟ್ಟುಕೊಳ್ಳಲು ಹೇಗೋ ಅನ್ನಿಸಿ ಬಂದ್ ಮಾಡಿದಳು. ಅವಳನ್ನು ನೋಡಿ ಅದರಾಚೆಯವಳು. ಅಂದು ನಮ್ಮ ಮನೆಯಲ್ಲಿ ನೀರು ಬಿದ್ದ ಸದ್ದು ಕೇಳಿ ನನ್ನ ಅತ್ತೆ ದೇವರ ಮನೆಯಿಂದ ಎದ್ದು ಬಂದರು.

ಅಂದಿನಿಂದ ಅದೇ ರೀತಿಯಾಯಿತು: ಕಡೆಯ ಮನೆ ಮೊದಲು ತುಂಬಬೇಕು, ತುಂಬಿದವರು ‘ಆಯ್ತು’ ಎಂದು ಕೂಗಬೇಕು, ಆಗ ಅದರ ಈಚೆಯ ಮನೆಯವರು ನಳ ಬಿಡಬೇಕು. ಹೀಗೆ ನೀರು ಹಿಂದಿನಿಂದ ಮುಂದಕ್ಕೆ ನಡೆದು ಬಂದು ಎಲ್ಲರಿಗಿಂತ ಕಡೆಗೆ ಅಕ್ಕೋರ ಮನೆ. ಯಾರೂ ಬರೆದಿಡಲಿಲ್ಲ, ಯಾರೂ ಆಣೆ ಹಾಕಿಸಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದವರು ಒಂದು ವಾರ ನೋಡಿ ತಾವೇ ಕಲಿಯುತ್ತಿದ್ದರು. ಇದನ್ನು ನೀವು ಶುರು ಮಾಡಿದಿರಿ ಎಂದರೆ ಅಕ್ಕೋರು ಒಪ್ಪುತ್ತಿರಲಿಲ್ಲ. “ನಾ ಏನ ಮಾಡ್ದೆ? ನನ್ನ ನಳ ನಾ ಬಂದ್ ಮಾಡ್ದೆ, ಅಷ್ಟೇ. ಮಂದಿ ಛಲೋ ಇದ್ರು” ಅನ್ನುತ್ತಿದ್ದರು. ಅವರ ಮನೆಯಲ್ಲಿ ನೀರು ತುಂಬುವಷ್ಟರಲ್ಲಿ ಎಷ್ಟೋ ಸಲ ನೀರೇ ಹೋಗಿಬಿಡುತ್ತಿತ್ತು. ಆಗ ತುಂಬಿದವರು ಒಂದೊಂದು ಕೊಡ ತಂದು ಹಾಕುತ್ತಿದ್ದರು, ಅವರು ಬೇಡ ಅನ್ನುತ್ತಿರಲಿಲ್ಲ. ಕೊಡುವುದಕ್ಕೆ ಎಷ್ಟು ಮರ್ಯಾದೆಯೋ ತಗೊಳ್ಳುವುದಕ್ಕೂ ಅಷ್ಟೇ ಮರ್ಯಾದೆ ಅವರಲ್ಲಿತ್ತು.

ಇದನ್ನೆಲ್ಲ ಓದಿ ಅಕ್ಕೋರು ಹಳೇ ರೂಢಿಯ ಕಾವಲುಗಾರ್ತಿ ಎಂದು ಯಾರಾದರೂ ತಿಳಿದರೆ ಕೆಟ್ಟಿತು. ಸಂಕ್ರಾಂತಿಯ ಅರಿಸಿನ ಕುಂಕುಮಕ್ಕೆ ಅವರು ಗಲ್ಲಿಯ ಎಲ್ಲ ಹೆಂಗಸರನ್ನೂ ಕರೆದರು. ಗಂಡ ಸತ್ತು ವರ್ಷವೂ ಆಗದ ಒಬ್ಬ ಹುಡುಗಿಯನ್ನೂ ಕರೆದರು. ಕರೆದು ಎಲ್ಲರಿಗಿಂತ ಮೊದಲು ಅವಳ ಹಣೆಗೆ ಕುಂಕುಮ ಹಚ್ಚಿದರು. ಹಿರಿಯ ಹೆಂಗಸೊಬ್ಬಳು ಎಳ್ಳುಂಡೆ ಕೆಳಗಿಟ್ಟು, ನಾಕು ಮಂದಿ ಏನಂದಾರು, ರೀತಿ ರಿವಾಜು ಅಂತ ಇಲ್ಲವೇ ಎಂದಳು. ಅಕ್ಕೋರ ಮರ್ಯಾದೆ ಒಮ್ಮೆಲೇ ಮೇಲಕ್ಕೆ ಹೋಯಿತು. “ತಾವು ದೊಡ್ಡವ್ರು, ತಮಗ ನಾ ಏನ ಹೇಳ್ಲಿರಿ. ಒಬ್ಬಾಕಿನ ಹೊರಗ ನಿಂದರ್ಸೂದು ರೀತಿ ಅಂತ ನನಗ ಯಾರೂ ಕಲಿಸ್ಲಿಲ್ಲ. ಹಿಂದ ನಿಂತವ್ರನ್ನ ಒಳಗ ಕರೀಬೇಕಂತ ಕಲಿಸ್ಯಾರ.” ಆ ಹಿರಿಯಾಕೆ ಮುನಿಸಿಕೊಂಡು ಹೋದಳು, ಮರುವರ್ಷ ಬಂದಳು. ಎಳ್ಳುಂಡೆಗೆ ಅಕ್ಕೋರು ಹಾಕುವಷ್ಟು ತುಪ್ಪ ಗಲ್ಲಿಯಲ್ಲಿ ಯಾರೂ ಹಾಕುತ್ತಿರಲಿಲ್ಲ.

ಜಿಪುಣತನವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ದೌಲತಾಬಾದ್ ರಸ್ತೆಯಲ್ಲಿ ಸೀತಾಫಲ ಮಾರುವ ಹೆಂಗಸರ ಜತೆ ಅವರು ಚೌಕಾಸಿಗೆ ನಿಂತರೆ ನನಗೆ ನಾಚಿಕೆಯಾಗಿ ದೂರ ನಿಲ್ಲುತ್ತಿದ್ದೆ. ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದೂ ಅವರಿಗೆ ಸುಲಭವಿರಲಿಲ್ಲ. ನನ್ನ ಮಗಳಿಗೆ ಪಾಠ ಹೇಳುವಾಗ ಒಂದು ಉತ್ತರ ತಪ್ಪು ಹೇಳಿ, ಪುಸ್ತಕ ತೋರಿಸಿದರೆ, ಪುಸ್ತಕವೇ ತಪ್ಪು ಅಂದಿದ್ದರು. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಅಕ್ಕೋರು ಕನ್ನಡದಲ್ಲಿ ಕೇಳುವುದು, ಅವಳು ಮರಾಠಿಯಲ್ಲಿ ಹೇಳುವುದು, ಹೀಗೆಯೇ ಅವಳ ಹತ್ತನೆಯ ತರಗತಿ ಮುಗಿಯಿತು.

ಆ ಪಾಠದ ಹೊತ್ತಿನಲ್ಲಿ ಅಡುಗೆಮನೆಯಿಂದ ನಾನು ಕೇಳಿಸಿಕೊಂಡ ಒಂದು ಮಾತಿದೆ. ಮಗಳು, ಸರ್ಕಾರ ಇಲ್ಲದಿದ್ದರೆ ಜನ ಒಬ್ಬರನ್ನೊಬ್ಬರು ಕಿತ್ತು ತಿನ್ನುತ್ತಾರೆ, ಅದೇ ಅರಾಜಕತೆ ಎಂದು ಬಾಯಿಪಾಠ ಒಪ್ಪಿಸುತ್ತಿದ್ದಳು. ಅಕ್ಕೋರು ತಡೆದರು. “ತಡಿ ಪುಟ್ಟಾ. ನಮ್ಮ ಗಲ್ಯಾಗ ಸರ್ಕಾರ ಅದ ಏನು?” ಮಗಳು ಇಲ್ಲ ಅಂದಳು. “ಯಾರರ ಯಾರನರ ಕಿತ್ತು ತಿಂದಾರೇನು?” ಅದೂ ಇಲ್ಲ. “ಹಂಗಾದ್ರ ಇವು ಎರಡು ಬ್ಯಾರೆ ಬ್ಯಾರೆ. ಅರಸ ಇಲ್ಲದ್ದು ಒಂದು. ಅಂಜಿಕಿ, ನಾಚಿಕಿ, ಇನ್ನೊಬ್ಬರಿಗಿ ಹ್ಯಾಂಗ ಆಗ್ತದೋ ಅನ್ನೂ ಖಬರ ಇಲ್ಲದ್ದು ಇನ್ನೊಂದು. ಅರಸ ಇಲ್ಲಂದ್ರ ಹ್ಯಾಂಗರ ನಡೀತದ. ಇದು ಹೋತಂದ್ರ ಅರಸ ಇದ್ರೂ ನಡ್ಯಾದಿಲ್ಲ. ಪರೀಕ್ಷೆದಾಗ ಮಾತ್ರ ಪುಸ್ತಕದಾಗ ಇದ್ದದ್ದೇ ಬರಿ.” ಮಗಳು ಹಾಗೆಯೇ ಬರೆದು ಪಾಸಾದಳು.

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ನಾಸಿಕ್‌ಗೆ ಬಂದ ಮೇಲೆ. ಯಜಮಾನರ ಕಾರ್ಖಾನೆಯ ಕೆಲಸ ಇಲ್ಲಿಗೆ ಬದಲಾಯಿತು, ಇಲ್ಲೇ ಒಂದು ಫ್ಲ್ಯಾಟ್ ಕೊಂಡೆವು. ಇಲ್ಲಿ ಸರ್ಕಾರಕ್ಕೆ ಏನೂ ಕೊರತೆಯಿಲ್ಲ. ಅಧ್ಯಕ್ಷರಿದ್ದಾರೆ, ಸೆಕ್ರೆಟರಿ ಇದ್ದಾರೆ, ಗೇಟಿನಲ್ಲಿ ಕಾವಲಿನವರು, ಮೂಲೆ ಮೂಲೆಗೆ ಕ್ಯಾಮೆರಾ. ಲಿಫ್ಟಿನ ಗೋಡೆಯ ತುಂಬ ನಿಯಮಗಳ ಚೀಟಿ. ಕನ್ನಡಿ ಯಾವುದು ಚೀಟಿ ಯಾವುದು ತಿಳಿಯುವುದಿಲ್ಲ. ನೀರಂತೂ ದಿನಾ ಬರುತ್ತದೆ. ಒಂದು ಸಂಜೆ ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಅಜ್ಜ ತೀರಿಕೊಂಡರು. ಇನ್ನೂ ದೇಹ ಮನೆಯಲ್ಲಿದೆ, ಅಜ್ಜಿ ಅಳುತ್ತಿದ್ದಾರೆ, ಕೆಳಗಿನ ಸಭಾಂಗಣದಲ್ಲಿ ಯಾರದೋ ಹುಟ್ಟುಹಬ್ಬದ ಹಾಡು ಗೋಡೆ ನಡುಗಿಸುತ್ತಿದೆ. ನಾನು ಇಳಿದು ಹೋಗಿ, ಮೇಲೆ ಹೀಗಾಗಿದೆ, ಸ್ವಲ್ಪ ಹೊತ್ತು ನಿಲ್ಲಿಸಿರಪ್ಪ ಎಂದು ಹೇಳಿದೆ. ಹುಟ್ಟುಹಬ್ಬದ ಮನೆಯಾತ ಕೆಟ್ಟವನಲ್ಲ, ಬೈಯಲೂ ಇಲ್ಲ. ನಗುತ್ತಲೇ ಮೊಬೈಲ್ ತೆಗೆದು ತೋರಿಸಿದ: “ಆಂಟಿ, ಬುಕಿಂಗ್ ಆಗಿದೆ. ಪರ್ಮಿಶನ್ ಇದೆ ನೋಡಿ.” ಇತ್ತು. ಅವನು ಒಂದು ನಿಯಮವನ್ನೂ ಮುರಿದಿರಲಿಲ್ಲ.

ನಾನು ಮೇಲೆ ಬಂದು ಅಕ್ಕೋರಿಗೆ ಫೋನ್ ಮಾಡಿದೆ. ಸಿಟ್ಟಿಗೆ ನನ್ನ ಮಾತು ಅಡ್ಡಾದಿಡ್ಡಿ ಹೋಗುತ್ತಿತ್ತು. ಅವರು ಎಲ್ಲ ಕೇಳಿ, “ಈಗ ಎಲ್ಲಿದ್ದಿ?” ಅಂದರು. ಮನೆಯಲ್ಲಿ ಎಂದೆ. “ಮನ್ಯಾಗ ಕುಂತು ನನಗ ಯಾಕ ಹೇಳ್ತೀ? ಮ್ಯಾಲ ಹೋಗು. ಆ ಅಜ್ಜಿ ಬಾಜೂಕ ಕೂಡು. ಹಾಡು ನಿಂದರೂದಿಲ್ಲ, ನೀ ಅರ ಕೂಡು.” ಹೋಗಿ ಕುಳಿತೆ. ನನ್ನನ್ನು ನೋಡಿ ಎದುರಿನ ಫ್ಲ್ಯಾಟಿನವಳು ಬಂದಳು. ಮರುದಿನ ಆ ಮನೆಗೆ ಕಡಲೆಹಿಟ್ಟಿನ ಪಿಠ್ಲ, ಜೋಳದ ಭಾಕ್ರಿ ಮಾಡಿ ಕೊಟ್ಟವರು ನಾವಿಬ್ಬರೇ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸಬಾರದು, ನೆರೆಯವರು ಉಣಿಸಬೇಕು ಎಂಬುದು ಲಿಫ್ಟಿನ ಚೀಟಿಗಳಲ್ಲಿ ಇಲ್ಲ.

ಅಕ್ಕೋರಿಗೆ ಅದು ಬರೀ ಪಾಠದ ಮಾತಾಗಿರಲಿಲ್ಲ. ನಾವು ಆ ಗಲ್ಲಿ ಬಿಡುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಅವರು ಅದನ್ನು ಮೈಮೇಲೆ ಹೊತ್ತು ನಡೆದಿದ್ದರು. ನನಗೆ ಹೇಳಬೇಕಾಗಿರುವುದು ಅದೇ.

ಆ ವರ್ಷ ನಮ್ಮ ಕಾಲನಿಗೂ ಒಂದು ಕಮಿಟಿ ಬಂತು. ಕಾಲನಿ ಬೆಳೆದಿತ್ತು, ಬೇಕೂ ಆಗಿತ್ತು. ಕೆಲಸದಿಂದ ನಿವೃತ್ತರಾದ ಒಬ್ಬ ಸಾಹೇಬರು ಅಧ್ಯಕ್ಷರಾದರು. ಗಲ್ಲಿಯ ನಡುವೆ ಹೊಸದಾಗಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದರು. ಮೊದಲ ಸಭೆಯಲ್ಲೇ ನಿಯಮಗಳಾದವು. ಅದರಲ್ಲಿ ಒಂದು, ನೀರಿನ ಪೈಪಿಗೆ ಯಾರೂ ಮೋಟರು ಹಚ್ಚಬಾರದು, ಹಚ್ಚಿದರೆ ದಂಡ. ಅಲ್ಲಿಯ ತನಕ ನಮಗ್ಯಾರಿಗೂ ಪೈಪಿಗೆ ಮೋಟರು ಹಚ್ಚಿ ನೀರು ಎಳೆಯಬಹುದು ಎಂಬ ಯೋಚನೆಯೇ ಬಂದಿರಲಿಲ್ಲ. ಅಕ್ಕೋರು ಸಭೆ ಮುಗಿಸಿ ಬರುವಾಗ, “ಇಲ್ಲದ್ದು ನೆನಪು ಮಾಡಿಕೊಟ್ರು ನೋಡು” ಎಂದು ಗೊಣಗಿದರು.

ನಾಲ್ಕನೆಯ ಮನೆಯವರು ಮೊದಲು ಹಚ್ಚಿದರು. ಮಗಳ ಮದುವೆ, ಮನೆ ತುಂಬ ನೆಂಟರು. ಮದುವೆಗೆ ಮಾತ್ರ ಅಂದರು. ಮದುವೆ ಮುಗಿಯಿತು, ಮೋಟರು ಕಲ್ಲುಚಪ್ಪಡಿಯ ಕೆಳಗೆ ಹಾಗೆಯೇ ಉಳಿಯಿತು. ಅವರು ಹಚ್ಚಿದ್ದಾರೆಂದು ಆರನೆಯವರು, ಆರನೆಯವರನ್ನು ನೋಡಿ ಮತ್ತಿಬ್ಬರು. ದಂಡ ಕಟ್ಟಿದವರು, ದಂಡ ಕಟ್ಟಿದ್ದೇವಲ್ಲ ಎಂದು ಇನ್ನಷ್ಟು ನಿಶ್ಚಿಂತೆಯಿಂದ ಎಳೆಯತೊಡಗಿದರು. ಕಡೆಗೆ ಅಧ್ಯಕ್ಷರ ಮನೆಯಿಂದಲೂ ಗುಂಯ್ ಎಂಬ ಸದ್ದು ಬಂತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮೋಟರು ಹೇಗಿದ್ದರೂ ಹಿಂದೆ ಮುಂದೆ ನೋಡದೆ ಹೀರುತ್ತದೆ. ನಮ್ಮ ಕಡೆಯ ಮನೆಯ ನಳ ಒಣಗಿತು. ಗಲ್ಲಿಯ ಬಾಯಲ್ಲಿದ್ದ ಅಕ್ಕೋರ ಮನೆಯಲ್ಲೂ ದಾರದಷ್ಟು ದಪ್ಪ ನೀರು ಬರತೊಡಗಿತು. ‘ಆಯ್ತು’ ಎಂದು ಕೂಗುವವರಿಲ್ಲವಾದರು. ನೀರಿನ ದಿನ ಗೇಟಿನಲ್ಲಿ ನಿಂತು ಹರಟುತ್ತಿದ್ದ ಹೆಂಗಸರು ಬಾಗಿಲು ಹಾಕಿಕೊಂಡು ಒಳಗಿರತೊಡಗಿದರು.

ಅದೇ ವರ್ಷ ಅಕ್ಕೋರ ಯಜಮಾನರಿಗೆ ಲಕ್ವಾ ಹೊಡೆದಿತ್ತು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಬಸ್ ಕಂಡಕ್ಟರ್ ಆಗಿದ್ದವರು, ದೊಡ್ಡ ದನಿಯ ಮನುಷ್ಯ. ಈಗ ಹಾಸಿಗೆ ಹಿಡಿದಿದ್ದರು, ಮಾತು ತೊದಲುತ್ತಿತ್ತು. ದಿನಕ್ಕೆ ಎಷ್ಟೋ ಸಲ ದುಪ್ಪಟಿ ಬದಲಿಸಬೇಕು, ಮೈ ಒರೆಸಬೇಕು. ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಟ್ಯಾಂಕರು ಕರೆದರೆ ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಅಕ್ಕೋರ ಅಣ್ಣನ ಮಗ ಒಂದು ದಿನ ಅಂಗಡಿಯಿಂದ ಮೋಟರು ತಂದು ಪಡಸಾಲೆಯಲ್ಲಿಟ್ಟ. ನಾನು ಅಲ್ಲೇ ಕಾಕಾನಿಗೆ ಗಂಜಿ ಕುಡಿಸುತ್ತಿದ್ದೆ.

“ಅತ್ತಿ, ಪ್ಲಂಬರಿಗಿ ಹೇಳೀನಿ. ನಾಳಿ ಹಚ್ತಾನ” ಅಂದ.

“ವಾಪಸ್ ಒಯ್ಯಿ.”

“ಎಲ್ಲಾರೂ ಹಚ್ಯಾರಲ್ಲ ಅತ್ತಿ.”

“ಎಲ್ಲಾರೂ ಹಚ್ಯಾರಂತ ನಾನೂ ಹಚ್ಚಿದ್ರ, ಹಚ್ಚಬ್ಯಾಡ್ರಿ ಅನ್ಲಕ್ಕ ಒಬ್ಬರರ ಉಳೀತಾರೇನು?”

“ಉಪದೇಶ ಆಮ್ಯಾಲ ಮಾಡ್ರಿ. ಮಾಮಾರ ಬೆನ್ನ ಒಮ್ಮಿ ನೋಡ್ರಿ.”

ಅಕ್ಕೋರು ಎದ್ದು ಹೋಗಿ ಬಚ್ಚಲಿನಲ್ಲಿ ಉಳಿದಿದ್ದ ಚೂರು ನೀರಿನಲ್ಲಿ ದುಪ್ಪಟಿ ತಿಕ್ಕುತ್ತ ಕುಳಿತರು. ಮೋಟರು ಪಡಸಾಲೆಯಲ್ಲಿ ತನ್ನ ಡಬ್ಬಿಯಲ್ಲೇ ಕುಳಿತಿತ್ತು. ಗಲ್ಲಿಯವರೆಲ್ಲ ಹೋಗುತ್ತ ಬರುತ್ತ ಆ ಡಬ್ಬಿಯನ್ನು ನೋಡುತ್ತಿದ್ದರು. ಅಕ್ಕೋರು ಹಚ್ಚಿಬಿಟ್ಟರೆ ಎಲ್ಲರಿಗೂ ಹಾಯೆನಿಸುತ್ತಿತ್ತು. ಯಾರೂ ಯಾರಿಗೂ ಮುಖ ತಪ್ಪಿಸಬೇಕಾಗಿರಲಿಲ್ಲ.

ಮುಂದಿನ ನೀರಿನ ದಿನ ಮುಂಜಾನೆ ಮೋಟರುಗಳ ಸದ್ದು ಎದ್ದಾಗ ಅಕ್ಕೋರು ಹೊರಗೆ ಬಂದರು. ಸೊಂಟದ ಮೇಲೆ ಖಾಲಿ ಕೊಡ. ಬೈಯಲು ಹೊರಟಿದ್ದಾರೆಂದು ನಾನು ಓಡಿಬಂದೆ. ಅವರು ನಾಲ್ಕನೆಯ ಮನೆಯ ಗೇಟಿನ ಹೊರಗೆ ನಿಂತು ಕರೆದರು. ಆ ಮನೆಯಾಕೆ ಬಂದಳು.

“ತಂಗೀ, ನಿನ್ನ ನಳಕ್ಕ ನೀರು ಬರ್ಲತ್ತಾವಂತ. ನಮ್ಮವ್ರ ಮೈ ಒರಸ್ಬೇಕು. ಒಂದು ಕೊಡ ಕೊಡ್ತೀ ಏನವ್ವಾ?”

ಮಾತಿನಲ್ಲಿ ಕೊಂಕಿರಲಿಲ್ಲ, ‘ನೀವು’ ಕೂಡ ಇರಲಿಲ್ಲ. ಸಿಟ್ಟಿಲ್ಲದೆ ಕೇಳಿದ್ದರು. ಆಕೆ ತಲೆ ತಗ್ಗಿಸಿ ತುಂಬಿಕೊಟ್ಟಳು. ತನ್ನ ಮಗನನ್ನು ಕರೆದು ಹೊತ್ತುಕೊಂಡು ಹೋಗೆಂದರೆ ಅಕ್ಕೋರು ಬಿಡಲಿಲ್ಲ. “ಬ್ಯಾಡವ್ವ, ಬೇಡಿದವ್ರೇ ಹೊರಬೇಕು” ಎಂದು ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಗಂಡಸರ ಚಪ್ಪಲಿ ಎಳೆಯುತ್ತ ಗಲ್ಲಿಯ ನಟ್ಟನಡುವೆ ನಡೆದು ಬಂದರು. ಇಷ್ಟು ವರ್ಷ ಎಲ್ಲರಿಗಿಂತ ಕಡೆಗೆ ತುಂಬಿಕೊಂಡ ಹೆಂಗಸು, ನೀರು ಬೇಡಿಕೊಂಡು ಹೋಗುವುದನ್ನು ಕಿಟಕಿಗಳು ನೋಡಿದವು. ಕೊಡ ಇಳಿಸಿ ಮತ್ತೆ ಖಾಲಿ ಕೊಡ ಹಿಡಿದು ಆರನೆಯ ಮನೆಗೆ ಹೋದರು. ಹೀಗೆ ಮೋಟರಿದ್ದ ಎಲ್ಲ ಮನೆಗೂ ಹೋದರು, ಮೋಟರಿಲ್ಲದವರ ಮನೆಗೆ ಹೋಗಲಿಲ್ಲ.

ಸಂಜೆ ನಾನು ಕೇಳಿದೆ, “ಅಕ್ಕೋರೇ, ಅವರಿಗಿ ನಾಚಿಕಿ ಆಗ್ಲಿ ಅಂತ ಹೋದ್ರೇನ್ರಿ?”

“ನಾ ಯಾರಿಗೂ ನಾಚಿಕಿ ಮಾಡ್ಸಲಕ್ಕ ಹೋಗಿಲ್ಲವ್ವ. ನನಗ ನೀರು ಬೇಕಿತ್ತು, ಹೋದೆ.” ಆಮೇಲೆ ಕಾಕಾನ ದುಪ್ಪಟಿ ಕೊಡವುತ್ತ, “ಮಂದ್ಯಾಗ ಆ ಖಬರ ಇನ್ನಾ ಅದ ಏನಿಲ್ಲ ಅಂತ ನೋಡೂದೂ ಇತ್ತು” ಅಂದರು.

ಇತ್ತು. ನಾಲ್ಕನೆಯ ಮನೆಯವರು ಮರುವಾರಕ್ಕೆ ಮೋಟರು ತೆಗೆದರು. ಯಾರಿಗೂ ಹೇಳಲಿಲ್ಲ, ಆದರೆ ನೀರಿನ ದಿನ ಆ ಮನೆಯಿಂದ ಸದ್ದು ಬರಲಿಲ್ಲ. ಅಕ್ಕೋರು ಆ ಗೇಟನ್ನು ದಾಟಿ ಮುಂದೆ ಹೋದರು. ಹಾಗೆ ಅವರು ದಾಟಿ ಹೋಗುವುದೇ ಒಂದು ಗೌರವವಾಯಿತು. ಆರನೆಯವರು ತೆಗೆದರು, ಇನ್ನಿಬ್ಬರೂ ತೆಗೆದರು. ಅಧ್ಯಕ್ಷರದು ಮಾತ್ರ ಉಳಿಯಿತು. ಅವರು ಬುದ್ಧಿವಂತರು. ಮೊದಲ ದಿನವೇ ಗೇಟಿಗೆ ಬಂದು, “ಅಕ್ಕೋರ್, ಈ ವಯಸ್ಸಿನಲ್ಲಿ ನೀವು ಹೊರುವುದೇ? ನಿಮ್ಮ ಮನೆಗೆ ನಮ್ಮ ಟಾಕಿಯಿಂದ ಒಂದು ಪೈಪು ಎಳೆಸುತ್ತೇನೆ, ಬೇಕಾದಷ್ಟು ಬಿಟ್ಟುಕೊಳ್ಳಿ” ಅಂದಿದ್ದರು. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆನೋ ಏನೋ. ಅಕ್ಕೋರ ಮರ್ಯಾದೆ ಅಂದು ಮುಗಿಲು ಮುಟ್ಟಿತು. “ತಮ್ಮ ದೊಡ್ಡ ಮನಸ್ಸು ಸಾಹೇಬರಽ. ನನಗೊಬ್ಬಾಕಿಗೇ ಪೈಪು ಹಾಕ್ತೀರಿ, ಕಡೀ ಮನಿಯವ್ರಿಗಿ ಏನ ಹಾಕ್ತೀರಿ? ಸದ್ಯ ಒಂದು ಕೊಡ ಕೊಡ್ರಿ, ಸಾಕು.”

ಅವರು ಕೊಟ್ಟರು. ಮುಂದಿನ ಸಲವೂ ಕೊಟ್ಟರು, ಅದರ ಮುಂದಿನ ಸಲ ಕೆಲಸದವಳ ಕೈಯಲ್ಲಿ ಕೊಡಿಸಿದರು. ಬಿಸಿಲು ಏರುತ್ತಿತ್ತು. ಕಾಕಾನ ಬೆನ್ನಿನ ಗಾಯ ಆರುತ್ತಿರಲಿಲ್ಲ. ಅಣ್ಣನ ಮಗ ಅತ್ತೆಯ ಜತೆ ಮಾತು ಬಿಟ್ಟಿದ್ದ. ನಾನೂ ಒಂದು ದಿನ ತಡೆಯದೆ, ಸಾಕು ಬಿಡಿ, ನಮಗೆ ನೀರು ಬರದಿದ್ದರೆ ಬರದೇ ಹೋಗಲಿ, ಕಾಕಾನಿಗಾಗಿ ಮೋಟರು ಹಚ್ಚಿಸಿ ಅಂದೆ. ಅಕ್ಕೋರು ಹಾಸಿಗೆಯ ಕಡೆ ತಿರುಗಿ, “ಏನಂತೀರಿ? ಹಚ್ಚಸ್ಲೇನ್ರಿ?” ಎಂದು ಗಂಡನನ್ನೇ ಕೇಳಿದರು. ಕಾಕಾ ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ಬಂದದ್ದು ಒಂದೇ ಮಾತು, “ಬ್ಯಾಡ.” ಬಸ್ಸಿನಲ್ಲಿ ಸಾಲು ಮುರಿದು ಹತ್ತಿದವರನ್ನು ಇಳಿಸುತ್ತಿದ್ದ ಮನುಷ್ಯ ಅವರು. ಅಕ್ಕೋರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ನಾನು ನೋಡಲಿಲ್ಲವೆಂಬಂತೆ ಗಂಜಿಯ ಬಟ್ಟಲು ತೊಳೆಯಲು ಎದ್ದೆ.

ಅಧ್ಯಕ್ಷರ ಮನೆಯಲ್ಲಿ ಅವರ ತಾಯಿ ಇದ್ದರು, ಬೆನ್ನು ಬಾಗಿದ ಆಜಿ. ಒಂದು ಮುಂಜಾನೆ ಅಕ್ಕೋರು ಗೇಟಿಗೆ ಹೋದಾಗ ಆ ಆಜಿಯೇ ಹೊರಗೆ ಬಂದು ಕೊಡ ನೋಡಿದರು, ಅಕ್ಕೋರ ಮುಖ ನೋಡಿದರು. ಒಳಗೆ ಹೋಗಿ ಮಗನಿಗೆ ಹೇಳಿದ್ದು ಗಲ್ಲಿಗೆಲ್ಲ ಕೇಳಿಸಿತು. “ಮಾಸ್ತರಬಾಯಿ ನನ್ನ ಬಾಗಿಲಿಗೆ ಬಂದು ನೀರು ಬೇಡುತ್ತಾಳೆ. ಇದನ್ನು ನೋಡಲಿಕ್ಕೆ ನನ್ನನ್ನು ಊರಿಂದ ಕರಕೊಂಡು ಬಂದೆಯಾ? ಅದನ್ನು ಕಿತ್ತು ಹಾಕು, ಇಲ್ಲವೇ ನನ್ನನ್ನು ಬಸ್ಸಿಗೆ ಹತ್ತಿಸು.” ಅಧ್ಯಕ್ಷರು ಅಂದು ಮಧ್ಯಾಹ್ನ ಪ್ಲಂಬರನನ್ನು ಕರೆಸಿದರು. ಅವರೂ ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಎಲ್ಲರ ಕಣ್ಣೆದುರಿಗೇ ಬಿಚ್ಚಿಸಿದರು.

ಆಮೇಲಿನ ನೀರಿನ ದಿನ ನನಗೆ ನಿನ್ನೆಯಂತಿದೆ. ‘ಪಾಣೀ ಆಲಂ’ ಎಂದು ಯಾರೋ ಕೂಗಿದರು. ಯಾವ ಮನೆಯಲ್ಲೂ ಸದ್ದಿಲ್ಲ. ಎಲ್ಲರೂ ತಂತಮ್ಮ ನಳ ಬಂದ್ ಮಾಡಿ ಗೇಟಿನಲ್ಲಿ ನಿಂತು ನಮ್ಮ ಮನೆಯ ಕಡೆಗೇ ನೋಡುತ್ತಿದ್ದಾರೆ. ನಳ ಮೊದಲು ಸೊಂಯ್ ಎಂದು ಗಾಳಿ ಬಿಟ್ಟಿತು, ಕೆಮ್ಮಿತು, ಕೆಂಪು ನೀರು ಉಗುಳಿತು. ಆಮೇಲೆ ತಿಳಿನೀರು ಬಿತ್ತು. ಮಗಳನ್ನು ಡ್ರಮ್ಮಿನ ಹತ್ತಿರ ನಿಲ್ಲಿಸಿ, ಮೊದಲ ಕೊಡವನ್ನು ಸೊಂಟಕ್ಕೇರಿಸಿಕೊಂಡು ನಾನು ಗಲ್ಲಿಯುದ್ದಕ್ಕೂ ನಡೆದೆ. ಕಣ್ಣು ತುಂಬಿ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ನಾಲ್ಕನೆಯ ಮನೆಯಾಕೆ ನಾನು ದಾಟುವಾಗ ಕೊಡದ ತಳಕ್ಕೆ ಕೈಕೊಟ್ಟು ಸರಿಮಾಡಿದಳು.

ಅಕ್ಕೋರು ಮೆಟ್ಟಿಲ ಮೇಲೆ ನಿಂತಿದ್ದರು. ತಮ್ಮ ಸರದಿ ಬರಲು ಇನ್ನೂ ಇಡೀ ಗಲ್ಲಿ ಬಾಕಿಯಿತ್ತು. ಕೊಡದೊಳಗೆ ಬಗ್ಗಿ ನೋಡಿದರು, ನನ್ನ ಮುಖ ನೋಡಿದರು. ಎರಡೂ ಕೈಯಲ್ಲಿ ಇಸಕೊಂಡು ಒಳಗೆ ಹೋದರು. ನಾನು ಹೊರಗೇ ನಿಂತೆ. ಬಟ್ಟೆ ಹಿಂಡಿದ ಸದ್ದು ಬಂತು, ಮಂಚ ಕಿರುಗುಟ್ಟಿತು. ಗಂಡನ ಬೆನ್ನೊರೆಸುತ್ತ ಅವರು ಹೇಳುವುದು ಕೇಳಿಸಿತು.

“ಕಡೀ ಮನಿಗಿ ನೀರು ಬಂದಾವ್ರಿ.”